ಇದ್ದೂ ಸಿಗದ ಪುಸ್ತಕ: ಹುಡುಕುಯಂತ್ರಕ್ಕೆ ಕನ್ನಡ ಓದಿಸುವ ಬಗೆ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಊರಿನ ಗ್ರಂಥಾಲಯಕ್ಕೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಂದರು. ಅವರ ತಂದೆಯವರು ಲಾವಣಿ ಕಟ್ಟಿ ಹಾಡುತ್ತಿದ್ದವರು. ಆ ಹಾಡುಗಳದೊಂದು ಚಿಕ್ಕ ಪುಸ್ತಕ ಬಹಳ ಹಿಂದೆ ಅಚ್ಚಾಗಿತ್ತು. ಮನೆಯಲ್ಲಿದ್ದ ಒಂದೇ ಪ್ರತಿಗೆ ಗೆದ್ದಲು ಹಿಡಿದಿತ್ತು. ಗ್ರಂಥಾಲಯದ ಗಣಕದ ಮುಂದೆ ಕುಳಿತು ಅವರು ‘ಲಾವಣಿ’ ಎಂದು ಬರೆಸಿದರು, ಜೊತೆಗೆ ತಂದೆಯ ಹೆಸರನ್ನೂ ಬರೆಸಿದರು. ಉತ್ತರ: ಸೊನ್ನೆ. ತಿಂಗಳು ಬಿಟ್ಟು ಮತ್ತೊಮ್ಮೆ ಬಸ್ಸು ಹಿಡಿದು ಬಂದರು. ಆಗಲೂ ಸೊನ್ನೆ. ‘ನಮ್ಮಲ್ಲಿ ಇಲ್ಲ, ಯಜಮಾನರೇ’ ಎಂದು ಸಿಬ್ಬಂದಿ ವಿನಯದಿಂದಲೇ ಹೇಳಿ ಕಳಿಸಿದರು.

ಮರುವರ್ಷ ಪುಸ್ತಕಗಳ ಲೆಕ್ಕ ತೆಗೆಯುವಾಗ ಅದು ಕಪಾಟಿನಲ್ಲೇ ಸಿಕ್ಕಿತು. ಅದಕ್ಕಿಂತ ವಿಚಿತ್ರವೆಂದರೆ, ಗಣಕದ ಕ್ಯಾಟಲಾಗಿನಲ್ಲಿಯೂ ಅದರ ದಾಖಲೆ ಸರಿಯಾಗಿಯೇ ಇತ್ತು. ಬೆರಳಚ್ಚಿನ ತಪ್ಪು ಒಂದೂ ಇರಲಿಲ್ಲ. ಹೆಸರು ಬರೆದುಕೊಂಡಿದ್ದ ವಿಳಾಸಕ್ಕೆ ಪತ್ರ ಹೋಯಿತು. ಜೆರಾಕ್ಸ್ ಪ್ರತಿಯನ್ನು ಒಯ್ಯಲು ಬಂದವರು ಅವರ ಮಗ.

ಆ ಗಣಕದ ಹುಡುಕಾಟವನ್ನು ಹೊಂದಿಸಿಕೊಟ್ಟವರಲ್ಲಿ ನಾನೂ ಒಬ್ಬ. ಆದ್ದರಿಂದ ಪರದೆಯ ಮೇಲಿನ ಮಾತುಕತೆಯಲ್ಲಿ ಸಮಯ ಸಾಲದೆ ಅರ್ಧಕ್ಕೆ ನಿಂತ ಈ ವಿಷಯವನ್ನು ಇಲ್ಲಿ ಬಿಡಿಸಿ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಪುಸ್ತಕದ ಮೇಲೆ ‘ಲಾವಣಿಗಳು’ ಎಂದಿತ್ತು. ಹಿರಿಯರು ‘ಲಾವಣಿ’ ಎಂದು ಕೇಳಿದರು. ದಾಖಲೆಯಲ್ಲಿ ಲೇಖಕರ ಹೆಸರಿನ ಮೊದಲ ಅಕ್ಷರಗಳು ನಡುವೆ ಜಾಗ ಬಿಟ್ಟು ಕುಳಿತಿದ್ದವು. ಅವರು ಜಾಗ ಬಿಡದೆ ಬರೆಸಿದರು. ನಮ್ಮ ನಿಮ್ಮ ಕಣ್ಣಿಗೆ ಇವು ಭೇದಗಳೇ ಅಲ್ಲ. ಯಂತ್ರಕ್ಕೆ ಇವೆರಡರಲ್ಲಿ ಒಂದೇ ಸಾಕಿತ್ತು, ‘ಇಲ್ಲ’ ಎನ್ನಲು.

ಯಂತ್ರ ಓದುವುದು ಏನನ್ನು?

ಹುಡುಕುಯಂತ್ರ, ಅಂದರೆ ಸರ್ಚ್ ಎಂಜಿನ್, ನಾವು ಪ್ರಶ್ನೆ ಕೇಳಿದಾಗಲೆಲ್ಲ ಲಕ್ಷ ದಾಖಲೆಗಳನ್ನು ಮೊದಲಿಂದ ಕೊನೆಯವರೆಗೆ ಓದುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗೇನೂ ಇಲ್ಲ. ದಪ್ಪ ಪುಸ್ತಕಗಳ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಇಂಥ ಪದ ಇಂಥ ಪುಟದಲ್ಲಿದೆ ಎಂದು ತೋರಿಸುವ ಪಟ್ಟಿ? ಅಂಥದ್ದೊಂದು ಪಟ್ಟಿಯನ್ನು ಅದು ಮೊದಲೇ ಸಿದ್ಧಪಡಿಸಿ ಇಟ್ಟುಕೊಂಡಿರುತ್ತದೆ. ನಾವು ಪ್ರಶ್ನೆ ಕೇಳಿದಾಗ ಆ ಪಟ್ಟಿಯಲ್ಲಷ್ಟೇ ಕೈಯಾಡಿಸುತ್ತದೆ. ಇಂದು ಬಳಕೆಯಲ್ಲಿರುವ ಅನೇಕ ಹುಡುಕುಯಂತ್ರಗಳ ಒಡಲಲ್ಲಿರುವುದು ಲೂಸೀನ್ ಎಂಬ ತಂತ್ರಾಂಶ. ಡಗ್ ಕಟಿಂಗ್ ಎಂಬುವರು ಇದನ್ನು 1999ರಲ್ಲಿ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಅದರ ಮೇಲೆ ಕಟ್ಟಿದ ಸೋಲರ್ 2004ರಲ್ಲಿ ಹುಟ್ಟಿತು, ಎಲಾಸ್ಟಿಕ್‌ಸರ್ಚ್ 2010ರಲ್ಲಿ ಬಂದಿತು. ಗ್ರಂಥಾಲಯ, ಪತ್ರಿಕೆಯ ಹಳೆಯ ಸಂಚಿಕೆಗಳು, ಅಂಗಡಿಯ ಸರಕಿನ ಪಟ್ಟಿ, ಎಲ್ಲಕ್ಕೂ ಇವೇ ಆಧಾರ.

ಪದಸೂಚಿಗೆ ಸೇರುವ ಮೊದಲು ಪ್ರತಿಯೊಂದು ವಾಕ್ಯವೂ ಒಂದು ಸಂಸ್ಕರಣೆಗೆ ಒಳಗಾಗುತ್ತದೆ. ಇದನ್ನೇ ಪಠ್ಯ ವಿಶ್ಲೇಷಣೆ ಎನ್ನುವುದು. ಭತ್ತದ ಗಿರಣಿಯನ್ನು ನೆನಪಿಸಿಕೊಳ್ಳಿ. ಮೊದಲು ಕಲ್ಲು, ಕಸ ತೆಗೆಯುವುದು. ಆಮೇಲೆ ಹೊಟ್ಟು ಬಿಡಿಸುವುದು. ಕೊನೆಗೆ ಪಾಲಿಶ್ ಮಾಡುವುದು. ಇಲ್ಲಿಯೂ ಮೂರು ಘಟ್ಟಗಳಿವೆ. ಮೊದಲನೆಯದು ಅಕ್ಷರಗಳ ಮಟ್ಟದ ಶುದ್ಧೀಕರಣ. ಎರಡನೆಯದು ಸಾಲನ್ನು ಪದಗಳಾಗಿ ತುಂಡರಿಸುವುದು. ಆ ತುಂಡುಗಳಿಗೆ ಟೋಕನ್ ಎಂದು ಹೆಸರು. ಮೂರನೆಯದು ಒಂದೊಂದು ಟೋಕನ್ನನ್ನೂ ತಿದ್ದುವುದು, ಬಿಡುವುದು ಅಥವಾ ಹೆಚ್ಚಿಸುವುದು. ಈ ಮೂರನ್ನೂ ದಾಟಿ ಬಂದದ್ದು ಮಾತ್ರ ಪಟ್ಟಿಗೆ ಸೇರುತ್ತದೆ. ಹುಡುಕುವವರು ಬರೆದ ಪ್ರಶ್ನೆಯೂ ಸಾಮಾನ್ಯವಾಗಿ ಇದೇ ಗಿರಣಿಯ ಮೂಲಕ ಹಾದುಹೋಗಬೇಕು. ಎರಡು ಕಡೆಯಿಂದ ಹೊರಬಿದ್ದ ಟೋಕನ್‌ಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದರೆ ಭೇಟಿ, ಇಲ್ಲವಾದರೆ ಸೊನ್ನೆ.

‘ಹಾಗಾದರೆ ಪುಸ್ತಕದ ಹೆಸರನ್ನೇ ಯಂತ್ರ ಕೆಡಿಸಿಬಿಡುತ್ತದೆಯೇ?’ ಎಂದು ಕೇಳಬಹುದು. ಇಲ್ಲ. ಪರದೆಯ ಮೇಲೆ ತೋರಿಸಲು ಮೂಲಪಠ್ಯವನ್ನು ಬೇರೆಯಾಗಿ ಕಾದಿರಿಸಲಾಗುತ್ತದೆ. ಗಿರಣಿಗೆ ಬೀಳುವುದು ಅದರ ನಕಲು.

ಗಿರಣಿ ಕನ್ನಡವನ್ನು ಹೇಗೆ ಬೀಸೀತು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಅಕ್ಷರವಲ್ಲದ್ದು ಎದುರಾದ ಕಡೆಯಲ್ಲೆಲ್ಲ ಕತ್ತರಿಸುವ ಒಂದು ಸರಳ ತುಂಡರಿಕೆ ಲೂಸೀನ್‌ನಲ್ಲಿದೆ. ಇಂಗ್ಲಿಷಿಗೆ ಅದು ಒಪ್ಪುತ್ತದೆ. ಆದರೆ ಯುನಿಕೋಡ್ ಲೆಕ್ಕದಲ್ಲಿ ನಮ್ಮ ಕಾಗುಣಿತದ ಚಿಹ್ನೆಗಳೂ ಅರ್ಧಾಕ್ಷರ ಮಾಡುವ ಹಲಂತವೂ ‘ಅಕ್ಷರ’ ವರ್ಗಕ್ಕೆ ಸೇರಿಲ್ಲ, ಅವು ಚಿಹ್ನೆಗಳು. ಹೀಗಾಗಿ ಆ ತುಂಡರಿಕೆಗೆ ‘ಕನ್ನಡ’ ಎಂದು ಕೊಟ್ಟರೆ ‘ಕನ’ ಮತ್ತು ‘ನಡ’ ಎಂಬ ಎರಡು ಚೂರು ಹೊರಬರುತ್ತವೆ. ‘ಕರ್ನಾಟಕ’ ಕೊಟ್ಟರೆ ‘ಕರ’, ‘ನ’, ‘ಟಕ’! ನಾಡಿನ ಹೆಸರನ್ನು ಇಷ್ಟು ಚೆನ್ನಾಗಿ ಒಡೆದವರು ಇತಿಹಾಸದಲ್ಲೂ ಇಲ್ಲವೇನೋ. ಯುನಿಕೋಡ್ ನಿಯಮಗಳನ್ನು ಅನುಸರಿಸುವ ಪ್ರಮಾಣಿತ ತುಂಡರಿಕೆಯನ್ನು ಆರಿಸಿಕೊಂಡರೆ ಈ ಅನಾಹುತ ತಪ್ಪುತ್ತದೆ. ಕನ್ನಡಕ್ಕೆ ಮಾಡಬೇಕಾದ ಮೊದಲ ಆಯ್ಕೆ ಇದು.

ಕಾಣದ ಅಕ್ಷರಗಳು

ಶುದ್ಧೀಕರಣದ ಘಟ್ಟವನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ನಮ್ಮ ಭಾಷೆಯ ಮಟ್ಟಿಗೆ ಅದು ಸಲ್ಲದು. ‘ಬಸ್‌ನಲ್ಲಿ’ ಎಂದು ಬರೆಯುವಾಗ ‘ನ’ ಅಕ್ಷರ ಒತ್ತಾಗಿ ಕೆಳಗಿಳಿಯದಂತೆ ನಡುವೆ ಒಂದು ಕಾಣದ ತಡೆಚಿಹ್ನೆಯನ್ನು ಇಡುತ್ತೇವೆ. ಅನೇಕರು ‘ಬಸ್‌’ ಎಂಬ ಬಿಡಿ ಪದದ ಕೊನೆಯಲ್ಲೂ ಅಭ್ಯಾಸಬಲದಿಂದ ಆ ಕೀಲಿಯನ್ನು ಒತ್ತುತ್ತಾರೆ. ಕಣ್ಣಿಗೆ ಎರಡೂ ‘ಬಸ್’ಗಳು ಒಂದೇ. ಯಂತ್ರಕ್ಕೆ ಒಂದು ಮೂರು ಸಂಕೇತಗಳದ್ದು, ಇನ್ನೊಂದು ನಾಲ್ಕು ಸಂಕೇತಗಳದ್ದು. ಅಂದಮೇಲೆ ಬೇರೆ ಬೇರೆ ಪದಗಳು. ಪದಸೂಚಿಗೆ ಹೋಗುವ ನಕಲಿನಿಂದ ಈ ಕಾಣದ ಚಿಹ್ನೆಗಳನ್ನು ತೆಗೆದುಹಾಕುವುದು ಒಂದು ಸಾಲಿನ ನಿಯಮ. ಅದನ್ನು ಬರೆಯದೆ ಉಳಿದರೆ ಆಗುವ ನಷ್ಟಕ್ಕೆ ಲೆಕ್ಕವಿಲ್ಲ, ಏಕೆಂದರೆ ಸಿಗದೇ ಹೋದದ್ದನ್ನು ಎಣಿಸುವವರಾರು?

‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಇವನ್ನು ಒಂದೇ ರೂಪಕ್ಕೆ ತರುವ ಪ್ರಮಾಣೀಕರಣ ಸಿದ್ಧವಾಗಿ ಸಿಗುತ್ತದೆ. ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳಿಗಾಗಿಯೇ ಮಾಡಿದ ಒಂದು ಸೋಸುಗವೂ ಲೂಸೀನ್‌ನಲ್ಲಿದೆ. ‘೧೯೫೬’ ಮತ್ತು ‘1956’ ಒಂದೇ ಎಂದು ತಿಳಿಸುವ ಅಂಕಿಗಳ ಸೋಸುಗವೂ ಇದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತಗಳ ಕಥೆ ಮಾತ್ರ ಬೇರೆ. ಅವುಗಳ ಒಳಗಿರುವುದು ಕನ್ನಡ ಸಂಕೇತಗಳಲ್ಲ, ಕನ್ನಡದ ವೇಷ ತೊಟ್ಟ ರೋಮನ್ ಸಂಕೇತಗಳು. ಅವನ್ನು ಯುನಿಕೋಡಿಗೆ ಪರಿವರ್ತಿಸಿದ ನಂತರವೇ ಗಿರಣಿಗೆ ಹಾಕಬೇಕು.

ಒಂದೊಂದು ಕಾಲಂಗೂ ಒಂದೊಂದು ಪಾಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಗ್ರಂಥಾಲಯದ ದಾಖಲೆಯೆಂದರೆ ಒಂದೇ ಉದ್ದನೆಯ ವಾಕ್ಯವಲ್ಲ. ಶೀರ್ಷಿಕೆ, ಲೇಖಕ, ಪ್ರಕಟವಾದ ಊರು, ವರ್ಷ, ವರ್ಗಸಂಖ್ಯೆ, ವಿಷಯ, ಹೀಗೆ ಬೇರೆ ಬೇರೆ ಮನೆಗಳಿವೆ. ಗಣಕದವರು ಇವನ್ನು ಫೀಲ್ಡ್ ಎನ್ನುತ್ತಾರೆ. ನಾವು ರಿಜಿಸ್ಟರಿನ ಭಾಷೆಯಲ್ಲಿ ಕಾಲಂ ಎಂದೇ ಕರೆಯೋಣ. ನಮ್ಮ ತಪ್ಪು ನಡೆದದ್ದು ಇಲ್ಲಿ. ತಂತ್ರಾಂಶ ಬಂದಾಗ ಅದರಲ್ಲಿದ್ದ ಪೂರ್ವನಿಯೋಜಿತ ವಿಶ್ಲೇಷಣೆಯನ್ನೇ ಎಲ್ಲ ಕಾಲಂಗಳಿಗೂ ಬಿಟ್ಟು ‘ಕೆಲಸ ಮುಗಿಯಿತು’ ಎಂದು ಕೈ ತೊಳೆದುಕೊಂಡಿದ್ದೆವು. ಮದುವೆಯ ಅಡುಗೆಯಲ್ಲಿ ಪಾಯಸಕ್ಕೂ ಸಾರಿಗೂ ಒಂದೇ ಒಗ್ಗರಣೆ ಹಾಕಿದಂತೆ.

ವರ್ಗಸಂಖ್ಯೆಯ ಕಾಲಂ ತೆಗೆದುಕೊಳ್ಳಿ. ಡ್ಯೂಯಿ ದಶಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆ. ಅದರ ಮುಂದೆ ಲೇಖಕರ ಹೆಸರಿನ ಮೊದಲ ಅಕ್ಷರಗಳು, ಓರೆಗೆರೆ, ಅಡ್ಡಗೆರೆ ಎಲ್ಲ ಸೇರಿ ಕಪಾಟಿನಲ್ಲಿ ಪುಸ್ತಕದ ಜಾಗ ನಿರ್ಧಾರವಾಗುತ್ತದೆ. ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಂತೂ ಒಂದೊಂದು ವಿರಾಮಚಿಹ್ನೆಗೂ ಅರ್ಥವಿದೆ. ಇದನ್ನು ಸಾಮಾನ್ಯ ಗದ್ಯದಂತೆ ತುಂಡರಿಸಿದರೆ ಚಿಹ್ನೆಗಳು ಉದುರಿ, ಬಿಡಿ ಸಂಖ್ಯೆಗಳು ಚೆಲ್ಲಾಪಿಲ್ಲಿಯಾಗುತ್ತವೆ. ಇಲ್ಲಿ ಬೇಕಾದದ್ದು ತುಂಡರಿಸದೇ ಇರುವುದು. ಇಡೀ ಕಾಲಂ ಒಂದೇ ಟೋಕನ್ ಆಗಬೇಕು. ಹೆಚ್ಚೆಂದರೆ ಹಿಂದುಮುಂದಿನ ಖಾಲಿ ಜಾಗ ತೆಗೆದರೆ ಸಾಕು.

ವರ್ಷದ ಕಾಲಂ ಸಂಖ್ಯೆಯಾಗಿಯೇ ಇರಲಿ, ಆಗ ‘1940ರಿಂದ 1950ರವರೆಗೆ’ ಎಂದು ಕೇಳಬಹುದು. ಹಳೆಯ ಪುಸ್ತಕಗಳಲ್ಲಿ ಒಂದು ತೊಡಕುಂಟು. ಇಸವಿಯ ಬದಲು ‘ಚಿತ್ರಭಾನು ಸಂವತ್ಸರ’ ಎಂದಷ್ಟೇ ಇರುತ್ತದೆ. ಅರವತ್ತು ವರ್ಷಗಳ ಚಕ್ರವಾದ್ದರಿಂದ ಚಿತ್ರಭಾನು 1942ಕ್ಕೂ ಬಂತು, 2002ಕ್ಕೂ ಬಂತು. ಯಾವುದೆಂದು ತೀರ್ಮಾನಿಸಲು ಕಾಗದ, ಅಚ್ಚಿನ ಮೊಳೆ, ಮುದ್ರಣಾಲಯದ ಹೆಸರು ನೋಡಬಲ್ಲ ಮನುಷ್ಯರೇ ಬೇಕು. ಎಲ್ಲವನ್ನೂ ವಿಶ್ಲೇಷಣೆಯ ಮೇಲೆ ಹೊರಿಸಬಾರದು.

ಲೇಖಕರ ಕಾಲಂನಲ್ಲಿ ಕನ್ನಡಿಗರ ಹೆಸರುಗಳದೇ ಒಂದು ಲೋಕ. ‘ಡಿ.ವಿ.ಜಿ.’ ಎಂದು ಚುಕ್ಕಿಯಿಟ್ಟು ಜಾಗ ಬಿಡದೆ ಬರೆದರೆ ಪ್ರಮಾಣಿತ ತುಂಡರಿಕೆ ಅದನ್ನು ಒಳಗಿನ ಚುಕ್ಕಿಗಳ ಸಮೇತ ಒಂದೇ ಟೋಕನ್ ಮಾಡುತ್ತದೆ. ‘ಡಿ. ವಿ. ಜಿ.’ ಎಂದು ಜಾಗ ಬಿಟ್ಟರೆ ಮೂರು ಟೋಕನ್. ‘ಡಿವಿಜಿ’ ಎಂದರೆ ಒಂದೇ ಟೋಕನ್, ಆದರೆ ಚುಕ್ಕಿಯಿಲ್ಲದ್ದು. ಒಬ್ಬರೇ ಮಹನೀಯರು, ಮೂರು ವೇಷ, ಒಂದಕ್ಕೊಂದು ಪರಿಚಯವಿಲ್ಲ! ಬೇಂದ್ರೆಯವರದೂ ಇದೇ ಪಾಡು, ‘ದ.ರಾ.’ ಎಂದೂ ಬರೆಯುತ್ತೇವೆ, ‘ದ. ರಾ.’ ಎಂದೂ ಬರೆಯುತ್ತೇವೆ. ಲಾವಣಿಕಾರರ ಹೆಸರು ತಪ್ಪಿದ್ದು ಈ ಬಲೆಯಲ್ಲಿಯೇ. ಪರಿಹಾರ ಕಷ್ಟದ್ದಲ್ಲ. ಈ ಕಾಲಂಗೆ ಮಾತ್ರ, ತುಂಡರಿಸುವುದಕ್ಕಿಂತ ಮೊದಲೇ, ಹೆಸರಿನ ಮೊದಲಕ್ಷರಗಳ ನಡುವಿನ ಚುಕ್ಕಿಯನ್ನೂ ಜಾಗವನ್ನೂ ಅಳಿಸಿ ಕೂಡಿಸಿಬಿಡುವುದು. ‘ಈ ಕಾಲಂಗೆ ಮಾತ್ರ’ ಎಂಬುದನ್ನು ಗಮನಿಸಿ. ಇದೇ ನಿಯಮವನ್ನು ಪುಸ್ತಕದ ಒಳಪಠ್ಯಕ್ಕೆ ಹಾಕಿದರೆ ವಾಕ್ಯದ ಪೂರ್ಣವಿರಾಮಗಳೂ ಅಳಿಸಿ, ಒಂದು ವಾಕ್ಯದ ಕೊನೆಯ ಪದ ಮುಂದಿನ ವಾಕ್ಯದ ಮೊದಲ ಪದಕ್ಕೆ ಅಂಟಿಕೊಂಡೀತು.

ಕಾವ್ಯನಾಮಗಳನ್ನು ಕೂಡಿಸಲು ಸಮಾನಪದಗಳ ಪಟ್ಟಿ ಬೇಕು. ‘ಕುವೆಂಪು’ ಎಂದು ಕೇಳಿದವರಿಗೆ ‘ಕೆ.ವಿ. ಪುಟ್ಟಪ್ಪ’ ಎಂದು ದಾಖಲಾದದ್ದೂ ಸಿಗಲಿ. ಬೇಂದ್ರೆಯವರನ್ನು ಕೇಳಿದವರಿಗೆ ‘ಅಂಬಿಕಾತನಯದತ್ತ’ನೂ ಸಿಗಲಿ. ಪ್ರತ್ಯಯ ಕಳಚುವ ಕೆಲಸ ಮಾತ್ರ ಲೇಖಕರ ಕಾಲಂಗೆ ಬೇಡವೇ ಬೇಡ. ಏಕೆಂದು ಈಗ ನೋಡೋಣ.

ಮಲ್ಲಿಗೆ ಮಲ್ಲಿಗೆ ಕೊಟ್ಟ

ಶೀರ್ಷಿಕೆಯ ಕಾಲಂ ನಿಜವಾದ ಅಖಾಡ. ಇಂಗ್ಲಿಷಿನಲ್ಲಿ ಒಂದು ನಾಮಪದ ಹೆಚ್ಚೆಂದರೆ ಎರಡು ಮೂರು ರೂಪ ತಾಳೀತು. ನಮ್ಮಲ್ಲಿ ಮನೆ, ಮನೆಯನ್ನು, ಮನೆಯಿಂದ, ಮನೆಗೆ, ಮನೆಯ, ಮನೆಯಲ್ಲಿ, ಮನೆಗಳಲ್ಲಿ, ಮನೆಯಲ್ಲಿಯೂ, ಮನೆಗಳಿಂದಲೇ... ಪಟ್ಟಿ ಮುಗಿಯುವುದಿಲ್ಲ. ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಈ ವಿಭಕ್ತಿಗಳನ್ನು ಕ್ರಮಪಡಿಸಿ ಹೇಳಿದ್ದಾನೆ, ಯಂತ್ರಕ್ಕೆ ಅದನ್ನು ಹೇಳಿಕೊಡುವವರು ನಾವು. ಪದದ ಬಾಲವನ್ನು ಕಳಚಿ ಮೂಲಕ್ಕೆ ತರುವ ತಂತ್ರಕ್ಕೆ ಸ್ಟೆಮ್ಮಿಂಗ್ ಎನ್ನುತ್ತಾರೆ. ಇಂಗ್ಲಿಷಿಗಾಗಿ ಮಾರ್ಟಿನ್ ಪೋರ್ಟರ್ 1980ರಲ್ಲಿ ಪ್ರಕಟಿಸಿದ ನಿಯಮಗಳು ಜಗತ್ಪ್ರಸಿದ್ಧ. ಹಿಂದಿ, ಬಂಗಾಳಿಗಳಿಗೆ ಲೂಸೀನ್‌ನಲ್ಲೇ ಸಿದ್ಧ ವಿಶ್ಲೇಷಣೆ ಉಂಟು. ನಾವು ನಮ್ಮ ಕನ್ನಡಕ್ಕೆ ನಿಯಮಗಳನ್ನು ಕೈಯಾರೆ ಬರೆದುಕೊಂಡೆವು.

ಬರೆಯುವುದೇನೋ ಸುಲಭವಾಗಿ ಕಂಡಿತು. ಕೊನೆಯಲ್ಲಿ ‘ಗಳು’ ಇದ್ದರೆ ತೆಗೆ. ‘ಗಳಲ್ಲಿ’, ‘ಯಲ್ಲಿ’ ಇದ್ದರೆ ತೆಗೆ. ಉದ್ದನೆಯ ಬಾಲವನ್ನು ಮೊದಲು ನೋಡು, ಗಿಡ್ಡದ್ದನ್ನು ಆಮೇಲೆ. ‘ಲಾವಣಿಗಳು’ ಎಂಬುದು ‘ಲಾವಣಿ’ ಆಯಿತು. ನಮಗೆ ಪರಮ ಸಂತೋಷ. ಆಮೇಲೆ ಕುವೆಂಪು ಅವರ 1967ರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಗಿರಣಿಗೆ ಬಿತ್ತು. ‘ಮಲೆಗಳಲ್ಲಿ’ ಎಂಬುದು ‘ಮಲೆ’ ಆಯಿತು, ಸರಿ. ‘ಮದುಮಗಳು’ ಎಂಬುದು ‘ಮದುಮ’ ಆಯಿತು! ಮಗಳು ‘ಮ’ ಆದಳು. ತಿಂಗಳು ‘ತಿಂ’ ಆಯಿತು. ‘ಲ್ಲಿ’ ಬಾಲ ಕತ್ತರಿಸುವ ನಿಯಮ ಗೋಡೆಯ ಮೇಲಿನ ಹಲ್ಲಿಯನ್ನು ‘ಹ’ ಎಂಬಲ್ಲಿಗೆ ತಂದು ನಿಲ್ಲಿಸಿತು. ‘ಇಂದ’ ಕಳಚುವ ನಿಯಮ ‘ಗೋವಿಂದ’ನನ್ನು ಹಿಡಿದು ಗೋವಿನ ಕೊಟ್ಟಿಗೆಗೆ ಕಟ್ಟಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಗಣಕ ಬಲ್ಲವರೂ ಕೆಲವೊಮ್ಮೆ ತಪ್ಪಿ ತಿಳಿಯುತ್ತಾರೆ. ‘ಮದುಮ’ ಎಂಬುದು ಅರ್ಥವಿಲ್ಲದ ಪದವಾದರೇನಂತೆ, ಪ್ರಶ್ನೆಯ ಕಡೆಯೂ ಅದೇ ಗಿರಣಿ ಇರುವುದರಿಂದ ಅಲ್ಲಿಯೂ ‘ಮದುಮ’ವೇ ಬರುತ್ತದೆ, ಎರಡೂ ಕೂಡಿ ಪುಸ್ತಕ ಸಿಕ್ಕೇ ಸಿಗುತ್ತದೆ. ಮೂಲರೂಪವೆಂಬುದು ಯಂತ್ರದ ಗುರುತಿನ ಚೀಟಿ ಮಾತ್ರ, ನಿಘಂಟಿನ ಪದ ಆಗಬೇಕಾಗಿಲ್ಲ. ಹಾನಿಯಾಗುವುದು ಬೇರೆ ಬೇರೆ ಪದಗಳಿಗೆ ಒಂದೇ ಚೀಟಿ ಸಿಕ್ಕಾಗ. ಗೋವಿಂದನೂ ಗೋವೂ ಒಂದೇ ಚೀಟಿ ಹಿಡಿದರೆ, ಪಶುಸಂಗೋಪನೆಯ ಪುಸ್ತಕ ಕೇಳಿದ ರೈತರ ಮುಂದೆ ದಾಸರ ಪದಗಳ ರಾಶಿ ಬೀಳುತ್ತದೆ. ಕೇಳುವುದಕ್ಕೆ ಪುಣ್ಯವೇ, ಕೆಲಸಕ್ಕಲ್ಲ.

‘ಮಣ್ಣಿಗೆ’ ಎಂಬುದನ್ನು ‘ಮಣ್ಣು’ ಮಾಡಬೇಕಾದರೆ ‘ಇಗೆ’ ತೆಗೆದು ‘ಉ’ ಸೇರಿಸಬೇಕು. ಕಾರಂತರ ‘ಮರಳಿ ಮಣ್ಣಿಗೆ’ಗಾಗಿ ಈ ನಿಯಮ ಬರೆದೆವು. ಕೆ.ಎಸ್. ನರಸಿಂಹಸ್ವಾಮಿಯವರ 1942ರ ಸಂಕಲನ ‘ಮೈಸೂರ ಮಲ್ಲಿಗೆ’ ಬಂದಾಗ ಅದು ‘ಮಲ್ಲು’ ಆಗಿ ಕುಳಿತಿತು. ಮಲ್ಲಿಗೆಯನ್ನು ಮುಟ್ಟದಿರು ಎಂದರೆ, ಮಲ್ಲಿ ಎಂಬ ಹುಡುಗಿಯ ಹೆಸರಿಗೆ ಚತುರ್ಥಿ ವಿಭಕ್ತಿ ಹತ್ತಿದಾಗಲೂ ‘ಮಲ್ಲಿಗೆ’ಯೇ ತಾನೇ? ‘ಅವನು ಮಲ್ಲಿಗೆ ಮಲ್ಲಿಗೆ ಕೊಟ್ಟ’ ಎಂಬ ವಾಕ್ಯವನ್ನು ಕನ್ನಡ ಬಲ್ಲ ಮಗು ತಡವರಿಸದೆ ಅರ್ಥಮಾಡಿಕೊಳ್ಳುತ್ತದೆ. ಬರಿಯ ಬಾಲ ನೋಡಿ ಕತ್ತರಿಸುವ ನಿಯಮಕ್ಕೆ ಅದು ಎಂದಿಗೂ ದಕ್ಕುವುದಿಲ್ಲ.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಕತ್ತರಿಗೆ ಎರಡು ಲಗಾಮು ಹಾಕಿದೆವು. ಕತ್ತರಿಸಿದ ಮೇಲೆ ಕನಿಷ್ಠ ಇಷ್ಟು ಸಂಕೇತಗಳು ಉಳಿಯದಿದ್ದರೆ ಮುಟ್ಟಬೇಡ ಎಂಬುದು ಒಂದು. ಮಗಳು, ಹಲ್ಲಿ ಇದರಿಂದ ಬದುಕಿಕೊಂಡರು. ರಕ್ಷಿತ ಪದಗಳ ಪಟ್ಟಿ ಇನ್ನೊಂದು. ಮಲ್ಲಿಗೆ, ಸಂಪಿಗೆ, ಗೋವಿಂದ, ತಿಂಗಳು, ಮದುಮಗಳು, ಹೊನ್ನು ಎಂದು ಬರೆದಿಟ್ಟರೆ ಕತ್ತರಿ ಅವುಗಳ ತಂಟೆಗೆ ಹೋಗದು. ಈ ಪಟ್ಟಿಯನ್ನು ಗಣಕದ ಹುಡುಗರು ಬರೆಯಲಾರರು, ತಪ್ಪು ತಿಳಿಯಬೇಡಿ. ಮೂವತ್ತು ವರ್ಷ ಪುಸ್ತಕ ಕೊಟ್ಟು ತೆಗೆದುಕೊಂಡ ಗ್ರಂಥಪಾಲಕರ ತಲೆಯಲ್ಲಿ ಅದು ಮೊದಲೇ ಸಿದ್ಧವಿರುತ್ತದೆ. ನಮ್ಮ ಪಟ್ಟಿ ಬೆಳೆದದ್ದು ಒಬ್ಬ ಗ್ರಂಥಪಾಲಕಿಯವರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಚೀಟಿಗಳ ಮೇಲೆ ಬರೆದುಕೊಟ್ಟ ಪದಗಳಿಂದ.

ಅದಕ್ಕೂ ಮಿಗಿಲಾದ ಉಪಾಯ, ಒಂದೇ ಶೀರ್ಷಿಕೆಯನ್ನು ಎರಡು ಕಾಲಂಗಳಲ್ಲಿ ಇಡುವುದು. ಒಂದರಲ್ಲಿ ಪದಗಳು ಇದ್ದ ಹಾಗೆಯೇ ಇರಲಿ; ಇನ್ನೊಂದರಲ್ಲಿ ಬಾಲ ಕಳಚಿದ ರೂಪಗಳಿರಲಿ. ಹುಡುಕುವಾಗ ಎರಡನ್ನೂ ನೋಡು, ಮೊದಲನೆಯದಕ್ಕೆ ಹೆಚ್ಚು ತೂಕ ಕೊಡು ಎಂದು ಹೇಳಬಹುದು. ಸೋಲರ್‌ನಲ್ಲೂ ಎಲಾಸ್ಟಿಕ್‌ಸರ್ಚ್‌ನಲ್ಲೂ ಇದಕ್ಕೆ ಅವಕಾಶವಿದೆ. ಆಗ ‘ಮೈಸೂರ ಮಲ್ಲಿಗೆ’ ಎಂದು ಕೇಳಿದವರಿಗೆ ಅದೇ ಪುಸ್ತಕ ಮೊದಲು, ಮಲ್ಲಿಯರೆಲ್ಲ ಆಮೇಲೆ. ‘ಬಾರತ’ ಎಂದು ಬರೆದವರಿಗೆ ‘ಭಾರತ’ವನ್ನು, ‘ಇಂಗ್ಲೀಷ್’ ಎಂದವರಿಗೆ ‘ಇಂಗ್ಲಿಷ್’ ಅನ್ನು ಕೊಡಬೇಕಾದರೆ ಕಡಿಮೆ ತೂಕದ ಮೂರನೆಯ ಕಾಲಂ ಒಂದನ್ನು ಇಟ್ಟು, ಅಲ್ಲಿ ಮಹಾಪ್ರಾಣಗಳನ್ನೂ ಹ್ರಸ್ವದೀರ್ಘಗಳನ್ನೂ ಸಡಿಲಿಸಬಹುದು. ಶಾಸನಗಳ ಪಾಠ ಇರುವ ಕಾಲಂನಲ್ಲಿ ಮಾತ್ರ ಇಂಥ ಸಡಿಲಿಕೆ ಸಲ್ಲದು. ಅಲ್ಲಿ ‘ೞ’ ಮತ್ತು ‘ಳ’ ಬೇರೆ ಎಂಬುದೇ ಓದುವವರಿಗೆ ಬೇಕಾದ ಮಾಹಿತಿ.

‘ಮತ್ತು’, ‘ಅಥವಾ’, ‘ಒಂದು’ ಮುಂತಾದ ಸಾಮಾನ್ಯ ಪದಗಳನ್ನು ಬಿಟ್ಟುಬಿಡುವ ಪದ್ಧತಿಯೂ ಇದೆ. ಶೀರ್ಷಿಕೆಯ ಕಾಲಂಗೆ ನನ್ನ ಸಲಹೆ, ಬಿಡಬೇಡಿ. ನಾಲ್ಕು ಪದಗಳ ಶೀರ್ಷಿಕೆಯಲ್ಲಿ ಎರಡನ್ನು ಬಿಸಾಡಿ ಉಳಿಸುವುದಾದರೂ ಏನನ್ನು?

ಊರ ಹೆಸರು, ಮತ್ತೆ ಕೆಲವು ಎಚ್ಚರಿಕೆಗಳು

2014ರ ನವೆಂಬರ್ 1ರಿಂದ ರಾಜ್ಯದ ಹನ್ನೆರಡು ಊರುಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಕನ್ನಡದಲ್ಲಿ ನಾವು ಮೊದಲಿನಿಂದಲೂ ಮೈಸೂರು, ಮಂಗಳೂರು ಎಂದೇ ಬರೆಯುತ್ತಿದ್ದುದರಿಂದ ಅಲ್ಲಿ ತೊಂದರೆಯಿಲ್ಲ. ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಇವು ಸಮಾನಪದಗಳ ಪಟ್ಟಿಗೆ ಸೇರಬೇಕು. ಆದರೆ ದೇವನಹಳ್ಳಿ ತಾಲ್ಲೂಕಿನಲ್ಲಿ ಹಿಂದಿನಿಂದಲೂ ಒಂದು ವಿಜಯಪುರ ಇದೆಯಲ್ಲ! ಪಟ್ಟಿಯನ್ನು ಕಣ್ಣುಮುಚ್ಚಿ ಬರೆದರೆ ಅಲ್ಲಿನ ದಾಖಲೆ ಕೇಳಿದವರಿಗೆ ಗೋಳಗುಮ್ಮಟವೂ ಸಿಕ್ಕೀತು. ಆದ್ದರಿಂದ ‘ಬಿಜಾಪುರ’ ಎಂದು ಕೇಳಿದರೆ ‘ವಿಜಯಪುರ’ವನ್ನೂ ಹುಡುಕು ಎಂದು ಹೇಳಿ, ಜಿಲ್ಲೆಯ ಕಾಲಂ ಬೇರೆ ಇಟ್ಟು ಬೇಕಾದವರು ಅಲ್ಲಿ ಆರಿಸಿಕೊಳ್ಳುವಂತೆ ಮಾಡುವುದು ಲೇಸು. ಹಾಗೆಯೇ, ನಾಡಿಗೆ ಕರ್ನಾಟಕವೆಂದು ಹೆಸರಾದದ್ದು 1973ರಲ್ಲಿ ಎಂಬ ಕಾರಣಕ್ಕೆ ‘ಮೈಸೂರು’ ಎಂದರೆ ‘ಕರ್ನಾಟಕ’ ಎಂದು ಬರೆದುಬಿಡಬೇಡಿ. ಮೈಸೂರು ನಗರ ಎಲ್ಲಿಗೆ ಹೋಗಬೇಕು?

ಸಮಾನಪದಗಳನ್ನು ಪದಸೂಚಿ ಕಟ್ಟುವಾಗ ಸೇರಿಸುವುದಕ್ಕಿಂತ ಪ್ರಶ್ನೆ ಬಂದಾಗ ವಿಸ್ತರಿಸುವುದು ಒಳ್ಳೆಯದು. ಪಟ್ಟಿ ಬದಲಾದಾಗ ಮತ್ತೆ ಎಲ್ಲವನ್ನೂ ಕಟ್ಟಬೇಕಾಗುವುದಿಲ್ಲ. ಉಳಿದ ನಿಯಮಗಳಿಗೆ ಈ ರಿಯಾಯಿತಿ ಇಲ್ಲ. ಕತ್ತರಿಯ ನಿಯಮವನ್ನೋ ಶುದ್ಧೀಕರಣವನ್ನೋ ಬದಲಿಸಿದರೆ ಹಳೆಯ ದಾಖಲೆಗಳು ಹಳೆಯ ಗಿರಣಿಯ ಹಿಟ್ಟಾಗಿಯೇ ಉಳಿದಿರುತ್ತವೆ, ಪ್ರಶ್ನೆ ಮಾತ್ರ ಹೊಸ ಗಿರಣಿಯಿಂದ ಬರುತ್ತದೆ. ನಿಯಮ ಸರಿಪಡಿಸಿದ ದಿನವೇ ‘ಮೊದಲಿಗಿಂತ ಹಾಳಾಯಿತು’ ಎಂಬ ದೂರು ಬಂದರೆ ಕಾರಣ ಸಾಮಾನ್ಯವಾಗಿ ಇದೇ. ಇಡೀ ಪದಸೂಚಿಯನ್ನು ಮತ್ತೆ ಕಟ್ಟಲೇಬೇಕು.

ನಿಯಮಗಳ ಸರದಿಗೂ ಬೆಲೆಯಿದೆ. ಕಾಣದ ಚಿಹ್ನೆ ತೆಗೆಯುವುದು ಮೊದಲು, ಸಮಾನಪದ ಆಮೇಲೆ, ರಕ್ಷಿತ ಪದಗಳ ಗುರುತು ಅದರ ನಂತರ, ಕತ್ತರಿ ಎಲ್ಲಕ್ಕೂ ಕೊನೆಗೆ. ಕತ್ತರಿ ಮೊದಲು ಬಂದರೆ ರಕ್ಷಿಸಲು ಏನೂ ಉಳಿದಿರುವುದಿಲ್ಲ.

ಬರೆಯುತ್ತಿದ್ದಂತೆಯೇ ಪದ ಸೂಚಿಸುವ ಸೌಲಭ್ಯ ಬೇಕೆಂದು ಈಗ ಎಲ್ಲರೂ ಕೇಳುತ್ತಾರೆ. ಅದಕ್ಕಾಗಿ ಪದದ ಆರಂಭದ ತುಣುಕುಗಳನ್ನು ಪಟ್ಟಿಗೆ ಸೇರಿಸುತ್ತಾರೆ. ಪ್ರಶ್ನೆಯನ್ನು ಮಾತ್ರ ಹಾಗೆ ತುಣುಕು ಮಾಡುವುದಿಲ್ಲ. ಎರಡು ಕಡೆ ಒಂದೇ ಗಿರಣಿ ಎಂಬ ಮಾತಿಗೆ ಇದೊಂದು ಅಪವಾದ. ತುಣುಕಿನ ಅಳತೆಯನ್ನು ಇಂಗ್ಲಿಷಿನಂತೆ ಎಣಿಸಬಾರದು. ‘ಕ್ಷೇತ್ರ’ ನಮ್ಮ ಕಣ್ಣಿಗೆ ಎರಡಕ್ಷರ. ಯಂತ್ರದೊಳಗೆ ಏಳು ಸಂಕೇತ. ಎರಡಕ್ಕೆ ಕತ್ತರಿಸಿದರೆ ಸಿಗುವುದು ಬರಿಯ ‘ಕ್’.

ಇಷ್ಟೆಲ್ಲ ಮಾಡಿದ್ದು ಸರಿಯೇ ಎಂದು ನೋಡುವ ದಾರಿಯೂ ಯಂತ್ರದಲ್ಲೇ ಇದೆ. ಸೋಲರ್‌ನ ನಿರ್ವಹಣಾ ಪರದೆಯಲ್ಲಿ ವಿಶ್ಲೇಷಣೆಗೆಂದೇ ಒಂದು ಪುಟವಿದೆ. ಎಲಾಸ್ಟಿಕ್‌ಸರ್ಚ್‌ನಲ್ಲೂ ಅಂಥ ಆಜ್ಞೆ ಉಂಟು. ಕಾಲಂ ಹೆಸರು ಹೇಳಿ ಒಂದು ಪದ ಕೊಟ್ಟರೆ ಯಾವ ಘಟ್ಟದಲ್ಲಿ ಅದು ಏನಾಯಿತೆಂದು ಸಾಲು ಸಾಲಾಗಿ ತೋರಿಸುತ್ತದೆ. ನಿಮ್ಮ ಊರಿನ ಗ್ರಂಥಾಲಯವೋ ಸಂಘವೋ ಕ್ಯಾಟಲಾಗನ್ನು ಗಣಕಕ್ಕೆ ಏರಿಸುತ್ತಿದ್ದರೆ ಅದನ್ನು ಹೊಂದಿಸುವವರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತುಕೊಳ್ಳಿ. ಕಪಾಟಿನಿಂದಲೇ ಐವತ್ತು ಶೀರ್ಷಿಕೆ, ಐವತ್ತು ಲೇಖಕರ ಹೆಸರು ಬರೆದುಕೊಂಡು ಹೋಗಿ. ಓದುಗರು ಕೌಂಟರಿನಲ್ಲಿ ಕೇಳುವ ಮಾತಿನಲ್ಲೇ ಒಂದೊಂದನ್ನೂ ಕೊಟ್ಟು ನೋಡಿ. ಸೊನ್ನೆ ಬಂದ ಪ್ರಶ್ನೆಗಳನ್ನು ಯಂತ್ರ ಒಂದು ಕಡತದಲ್ಲಿ ಬರೆದಿಡುವಂತೆ ಮಾಡಿಸಿ, ತಿಂಗಳಿಗೊಮ್ಮೆ ಗ್ರಂಥಪಾಲಕರು ಅದನ್ನು ಓದಲಿ. ನಾವು ಆ ಕಡತವನ್ನು ಇಡಲು ಆರಂಭಿಸಿದ ಮೊದಲ ತಿಂಗಳಲ್ಲಿ ‘ಲಾವಣಿ’ ಎಂಬ ಪದ ಮತ್ತೆರಡು ಸಲ ಬಂದಿತ್ತು, ಬೇರೆ ಬೇರೆ ಓದುಗರಿಂದ.